ಪೆಟ್ಟು ತಿರುಗುವ ಜಾಗ

ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು. ಮೊನ್ನೆ ಮಣಿಪಾಲದಲ್ಲಿ ಹಳೆಯ ವಿಡಿಯೋ ಟೇಪುಗಳನ್ನು ಡಿವಿಡಿ ಮಾಡಿಕೊಡುವ ಅಂಗಡಿಯೊಂದು ಕಣ್ಣಿಗೆ ಬಿತ್ತು. ಹಳೆಯ ಚಪಲ, ಒಳಗೆ ಹೋದೆ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಯುವತಿಯ ಹತ್ತಿರ, ಬಟನ್ ಒತ್ತಿ ಬೇಕಾದ ಕಡೆಗೆ ಜಿಗಿಯಲು ಇಡುವ ಗುರುತುಗಳನ್ನು, ಅಂದರೆ ಚಾಪ್ಟರುಗಳನ್ನು, ಹೇಗೆ ಹಾಕುತ್ತೀರಿ ಎಂದು ಕೇಳಿದೆ. "ಅದೆಲ್ಲ ಸಾಫ್ಟ್‌ವೇರೇ ಹಾಕ್ತದೆ ಆಂಟಿ, ಐದು ನಿಮಿಷಕ್ಕೊಂದು" ಎಂದಳು. ನನಗೆ ಕೋಪ ನೆತ್ತಿಗೇರಿತು, ಆಂಟಿ ಎಂದದ್ದಕ್ಕಲ್ಲ. ಏನಾದರೂ ಹೇಳಿ ಅವಳ ಮುಖ ಸಣ್ಣದು ಮಾಡುವುದು ಬೇಡವೆಂದು ಮನೆಗೆ ಬಂದು ಬರೆಯಲು ಕುಳಿತೆ. ಈ ಕೆಲಸಕ್ಕೆ ಇಳಿಯುವವರು ಓದಲಿ.

ಉಡುಪಿಯಲ್ಲಿ ಶೆಣೈ ಮಾಮ್, ಅಂದರೆ ಶೆಣೈ ಮಾವ, ಎಂದು ನಾವೆಲ್ಲ ಕರೆಯುತ್ತಿದ್ದವರ ಸ್ಟುಡಿಯೋದಲ್ಲಿ ನಾನು ದುಡಿದದ್ದು. ಮೊದಲು ಫೋಟೋಗಳಿಗೆ ಬಣ್ಣ ತೀಡುತ್ತಿದ್ದೆ, ಆಮೇಲೆ ಮದುವೆ ವಿಡಿಯೋಗಳಿಗೆ ಹೆಸರು ಬರೆಯುತ್ತಿದ್ದೆ. ಡಿವಿಡಿ ಬಂದಾಗ ಶೆಣೈ ಮಾಮ್ ಒಂದು ಕಂಪ್ಯೂಟರು ತಂದು ನನ್ನ ಮುಂದಿಟ್ಟು, "ವಸಂತಿ, ಇದು ಎಂತ ಅಂತ ನನಗೂ ಗೊತ್ತಿಲ್ಲ, ನೀನೇ ನೋಡು" ಎಂದರು. ನನ್ನ ತರಬೇತಿ ಅಷ್ಟೇ.

ನಮ್ಮ ಕರಾವಳಿಯಲ್ಲಿ ಟೇಪಿನ ಮೊದಲ ಶತ್ರು ಬೂಸ್ಟು. ಕ್ಯಾಸೆಟ್ಟಿನ ಸಣ್ಣ ಕಿಟಕಿಯೊಳಗೆ ಬಿಳಿ ಹುಡಿ ಕಂಡಿತೋ, ಅದನ್ನು ಹಾಗೆಯೇ ಯಂತ್ರಕ್ಕೆ ತುರುಕಬಾರದು. ತುರುಕಿದರೆ ಆ ಟೇಪೂ ಹೋಯಿತು, ಯಂತ್ರದ ಹೆಡ್ಡೂ ಹೋಯಿತು, ಮುಂದೆ ಹಾಕುವ ಟೇಪಿಗೂ ರೋಗ. ಮರದ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಅದರ ಬಿಸಿಗೆ ಟೇಪನ್ನು ಎರಡು ದಿನ ಒಣಗಿಸುವುದು ಶೆಣೈ ಮಾಮ್ ಕಂಡುಹಿಡಿದ ಉಪಾಯ. ಆಮೇಲೆ ಸುರುಳಿ ಹೊರತೆಗೆದು ಮೆತ್ತನೆಯ ಬಟ್ಟೆಯಲ್ಲಿ ಮಗುವಿನ ಕಿವಿ ಒರೆಸುವ ಹಾಗೆ ಒರೆಸಬೇಕು. ಎಷ್ಟೋ ಟೇಪುಗಳು ಒಂದೇ ಒಂದು ಸಲ ಓಡಿ ತುಂಡಾದದ್ದುಂಟು. ಆ ಒಂದು ಸಲದಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ, ಆದರೆ ಆ ಖುಷಿ ಬೇರೆ ಯಾವ ಕೆಲಸದಲ್ಲಿ ಸಿಗುತ್ತದೆ ಹೇಳಿ! ಬಿಳಿ ಗೆರೆಗಳು ಹರಿದಾಡುತ್ತಿರುವ ಪರದೆಯ ಮೇಲೆ ತಟ್ಟನೆ ಯಾರದೋ ಮನೆಯ ಅಂಗಳ ಮೂಡಿಬಿಡುತ್ತಿತ್ತು.

ಇನ್ನೊಂದು ವಿಷಯ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಬೇಕು. ಬೇಗ ಬೇಗ ಓಡಿಸಲಿಕ್ಕಾಗದು. ಎದ್ದುಹೋಗಿ ಚಹಾ ಕುಡಿಯಬಹುದಿತ್ತು, ಬೇರೆಯವರು ಹಾಗೆ ಮಾಡುತ್ತಿದ್ದರು. ನಾನು ಕೂತು ನೋಡುತ್ತಿದ್ದೆ. ಈ ಊರಿನ ಎಷ್ಟು ಮದುವೆಗಳ ಊಟದ ಪಂಕ್ತಿ ನೋಡಿದ್ದೇನೆಂದರೆ, ಯಾರು ಪಾಯಸ ಎರಡು ಸಲ ಬಡಿಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಅವರು ರಸ್ತೆಯಲ್ಲಿ ಎದುರಾದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಶುರುವಿನಲ್ಲಿ ನಾನೂ ಐದು ನಿಮಿಷಕ್ಕೊಂದು ಚಾಪ್ಟರು ಹಾಕಿದವಳೇ. ಆ ಚಾಳಿ ಬಿಡಿಸಿದವರು ಕಾಪುವಿನ ಝುಬೈದಾ. ಅವರ ಗಂಡ ಗಲ್ಫಿನಲ್ಲಿದ್ದಾಗ ಕಾಗದ ಬರೆಯುವ ಬದಲು ವಿಡಿಯೋ ಟೇಪಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಕ್ಯಾಮೆರಾದ ಮುಂದೆ ಮಂಚದಲ್ಲಿ ಕೂತು ಒಂದೊಂದು ಮಗುವಿನ ಹೆಸರು ಹಿಡಿದು ಬುದ್ಧಿ ಹೇಳುವುದು, ಪಾಠ ಕೇಳುವುದು, ಗದರುವುದು. ಈಗ ಅವರು ಊರಿಗೇ ಬಂದು ಕಾಪುವಿನಲ್ಲಿ ಅಂಗಡಿ ಇಟ್ಟಿದ್ದರು. ಮಕ್ಕಳಿಗೆ ಒಂದೊಂದು ಡಿವಿಡಿ ಬೇಕಿತ್ತು. ನಾನು ಮಾಡಿಕೊಟ್ಟದ್ದನ್ನು ಝುಬೈದಾ ಮರುದಿನವೇ ವಾಪಸು ತಂದರು.

"ಅಕ್ಕ, ಐದು ನಿಮಿಷಕ್ಕೊಂದು ಯಾಕೆ ಹಾಕಿದ್ದೀರಿ?"

"ಹಾಗೇ ಹಾಕುವುದು ಅಲ್ವಾ?"

"ನನ್ನ ಮಕ್ಕಳು ಐದು ನಿಮಿಷಕ್ಕೊಬ್ಬರು ಹುಟ್ಟಲಿಲ್ಲ ಮಾರ್ರೆ! ಎರಡನೇ ಬಟನ್ ಒತ್ತಿದರೆ ಅರ್ಧ ಸಲೀಮನಿಗೆ ಬೈತಾರೆ, ಅರ್ಧ ಹಸೀನಾಳಿಗೆ ಮುದ್ದು ಮಾಡ್ತಾರೆ. ಸಲೀಮ ಅಳ್ತಾ ಕೂತಿದ್ದಾನೆ. ಅವನಿಗೀಗ ಇಪ್ಪತ್ತೆರಡು ವರ್ಷ!"

ಶೆಣೈ ಮಾಮ್ ಕೌಂಟರಿನ ಹಿಂದೆ ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಆದರೆ ಆ ಹೊತ್ತಿಗೇ ತಲೆಯಲ್ಲಿ ದೀಪ ಹೊತ್ತಿದ ಹಾಗಾಯಿತು. ಚಾಪ್ಟರು ಗಡಿಯಾರ ನೋಡಿ ಹಾಕುವುದಲ್ಲ, ನೋಡುವವರು ಎಲ್ಲಿಗೆ ಹೋಗಬೇಕೆಂದು ಹಂಬಲಿಸುತ್ತಾರೋ ಅಲ್ಲಿ ಹಾಕುವುದು. ಐದು ಮಕ್ಕಳ ಹೆಸರಿನಲ್ಲಿ ಐದು ಚಾಪ್ಟರು ಮಾಡಿ, ಡಿವಿಡಿ ಹಾಕಿದ ಕೂಡಲೇ ಕಾಣುವ ಮೆನುವಿನಲ್ಲಿ ಅವರವರ ಮುಖ ಹಾಕಿ ಕೊಟ್ಟೆ. ಝುಬೈದಾ ಡಬ್ಬಿ ತುಂಬ ಬಿರಿಯಾನಿ ತಂದರು.

ಆದರೆ ಗೊತ್ತಿದ್ದೂ ತಪ್ಪುವುದುಂಟಲ್ಲ. ಎಲ್ಲೂರಿನ ಮದುವೆಯೊಂದರ ಮೆನುವಿನಲ್ಲಿ ವರನ ತಂದೆ ತಾಯಿಗೆ ಒಂದು ಚಾಪ್ಟರು, ಗೆಳೆಯರಿಗೆ ಒಂದು, ಕೊನೆಗೆ 'ಇತರ ಬಂಧುಗಳು' ಎಂದು ಒಂದು ಮಾಡಿದ್ದೆ. ಕಾರ್ಕಳದಿಂದ ಬಸ್ಸು ಹತ್ತಿ ಒಬ್ಬ ಹಿರಿಯರು ಬಂದರು. ಬಿಳಿ ಪಂಚೆ, ಕೈಯಲ್ಲಿ ಡಿವಿಡಿ. ವರನ ಸೋದರಮಾವ. ತಾಯಿಯ ಕಡೆಯಿಂದ ಮನೆತನ ಎಣಿಸುವ ಕುಟುಂಬದಲ್ಲಿ ಸೋದರಮಾವನ ಸ್ಥಾನ ಏನೆಂದು ಹಿರಿಯಡ್ಕದಲ್ಲಿ ಹುಟ್ಟಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಆ ದಿನ ಕೈ ಮರೆತಿತ್ತು. ಅವರು ಕೋಪಿಸಿಕೊಳ್ಳಲೇ ಇಲ್ಲ. ತಣ್ಣಗೆ, "ಅಮ್ಮ, ನಾನು ಇತರನಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿ. ಸೋದರಮಾವನಿಗೇ ಒಂದು ಚಾಪ್ಟರು ಮಾಡಿ, ಬಂಧುಗಳಿಗೆ ಹಂಚಿದ್ದ ಇಪ್ಪತ್ತು ಡಿವಿಡಿಗಳನ್ನೂ ಹೊಸದಾಗಿ ಬರೆದು ಕೊಟ್ಟೆವು.

ಇಷ್ಟೆಲ್ಲ ಆದ ಮೇಲೆ ನನಗೆ ಕೊಂಬು ಬಂದಿತ್ತು. ಯಾವ ಟೇಪು ಕೊಟ್ಟರೂ ಅದರ ಗಂಟು ಎಲ್ಲಿದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂಬ ಜಂಬ. ಆ ಜಂಬವನ್ನು ಇಳಿಸಿದ್ದು ಬಾಬಣ್ಣನ ಟೇಪು.

ಬಾಬಣ್ಣ ಹುಲಿವೇಷದ ತಂಡಕ್ಕೆ ತಾಸೆ ಹೊಡೆಯುತ್ತಿದ್ದವರು. ಸೊಂಟಕ್ಕೆ ಕಟ್ಟಿಕೊಂಡು ಎರಡು ಸಪೂರ ಕೋಲಿನಲ್ಲಿ ಹೊಡೆಯುವ ಆ ಪುಟ್ಟ ವಾದ್ಯದ ಸದ್ದಿಗೆ ಕೃಷ್ಣಾಷ್ಟಮಿಯ ಹೊತ್ತಿಗೆ ಉಡುಪಿಯಲ್ಲಿ ಮಲಗಿದ ಮಗುವೂ ಎದ್ದು ಕುಣಿಯುತ್ತದೆ. ಬೈಕಿನಿಂದ ಬಿದ್ದು ಬಾಬಣ್ಣನ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಆದರೆ ಕೈ ಮೊದಲಿನಂತೆ ತಿರುಗಲಿಲ್ಲ. ಅವರ ಜಾಗಕ್ಕೆ ಮಗಳು ಸುಜಾತ ನಿಂತಿದ್ದಳು. ಹಿರಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಟೀಚರು. ತಾಸೆ ಹಿಡಿದ ಹೆಂಗಸೆಂದು ಜನ ತಿರುಗಿ ತಿರುಗಿ ನೋಡುತ್ತಿದ್ದರು, ಅವಳು ಕ್ಯಾರೇ ಎನ್ನುತ್ತಿರಲಿಲ್ಲ.

ಅಷ್ಟಮಿಗೆ ಎರಡು ತಿಂಗಳಿರುವಾಗ ಇಬ್ಬರೂ ಬಂದರು. ಬಾಬಣ್ಣನ ಒಳ್ಳೆಯ ಕಾಲದಲ್ಲಿ ಅವರ ಬಾವ ತೆಗೆದ ಒಂದು ಗಂಟೆಯ ಟೇಪು. ಒಳಗೆಲ್ಲ ಬೂಸ್ಟು.

"ಅಪ್ಪ ಬಾಯಲ್ಲಿ ಹೇಳಿಕೊಡ್ತಾರೆ ಅಕ್ಕ, ಆದರೆ ಅವರಿಗೇ ಸರಿ ಬರುವುದಿಲ್ಲ" ಎಂದಳು ಸುಜಾತ.

ಬಾಬಣ್ಣ ಬಲಗೈಯನ್ನು ಎತ್ತಿ ತೋರಿಸಿದರು. "ಇದಕ್ಕೆ ಗೊತ್ತಿತ್ತು ವಸಂತಿಯಕ್ಕ, ತಲೆಗೆ ಗೊತ್ತಿರಲಿಲ್ಲ. ಈಗ ಇದು ಮಾತಾಡುವುದಿಲ್ಲ. ಈ ಟೇಪಿನಲ್ಲಿ ಐದು ಪೆಟ್ಟು ಉಂಟು. ನೋಡಿ ಕಲಿಯುವ ಹಾಗೆ ಮಾಡಿಕೊಡಿ."

ಪೆಟ್ಟು ಎಂದರೆ ತಾಳದ ಬಗೆ. ಹುಲಿಗಳು ಸಾಲಾಗಿ ಬರುವುದಕ್ಕೆ ಒಂದು, ಸುತ್ತು ಹೊಡೆಯುವುದಕ್ಕೆ ಒಂದು, ಹೊಂಚು ಹಾಕುವುದಕ್ಕೆ, ಪಲ್ಟಿ ಹೊಡೆಯುವುದಕ್ಕೆ, ಕೊನೆಯದು ಮುಡಿ ಎತ್ತುವುದಕ್ಕೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ದೊಡ್ಡ ಮುಡಿಯನ್ನು ಹುಲಿ ಹಲ್ಲಿನಲ್ಲಿ ಕಚ್ಚಿ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತದೆ. ಆಳು ಹೊರುವಷ್ಟು ಭಾರ. ನೋಡುವವರ ಉಸಿರು ನಿಲ್ಲುತ್ತದೆ.

ಟೇಪನ್ನು ಮೂರು ದಿನ ಒಣಗಿಸಿ ಓಡಿಸಿದೆ. ಅಬ್ಬಾ, ಆ ಬಾಬಣ್ಣ! ಕೋಲುಗಳು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ನನ್ನ ಕಾಲು ಕುಣಿಯಿತು. ಪೂರ್ತಿ ಇಳಿದ ಮೇಲೆ ಹಿಂದಕ್ಕೆ ಸುತ್ತುವಾಗ ಟೇಪು ಮೂರು ಕಡೆ ತುಂಡಾಯಿತು. ಇಳಿದಾಗಿತ್ತಲ್ಲ, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ನನ್ನ ಜಾಣತನ ತೋರಿಸಿದೆ. ಐದು ಪೆಟ್ಟನ್ನೂ ಬೇರೆ ಬೇರೆ ಕತ್ತರಿಸಿದೆ. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕೆಲವು ಸೆಕೆಂಡು ಗೊಂದಲ ಕೇಳುತ್ತಿತ್ತು. ಹಳೆಯ ತಾಳವೂ ಅಲ್ಲ, ಹೊಸದೂ ಅಲ್ಲ, ಹುಲಿಗಳೂ ಅಡ್ಡಾದಿಡ್ಡಿ. ಅದನ್ನೆಲ್ಲ ತೆಗೆದೆ. ಒಂದೊಂದರ ಶುರುವಿಗೂ ಕೊನೆಗೂ ಪರದೆ ಮೆಲ್ಲಗೆ ಕಪ್ಪಾಗುವಂತೆ ಮಾಡಿದೆ. ಮೆನುವಿನಲ್ಲಿ ಐದು ಹುಲಿ ಮುಖ. ಅಷ್ಟು ಚಂದದ ಡಿವಿಡಿಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಬಾಬಣ್ಣ ಅಂಗಡಿಯಲ್ಲೇ ಒಂದೊಂದನ್ನೂ ಒತ್ತಿ ನೋಡಿ ಕಣ್ಣು ತುಂಬಿಕೊಂಡರು. "ಟೇಪು ಇನ್ನು ಬೇಡ ಬಾಬಣ್ಣ, ಎಲ್ಲ ಇದರಲ್ಲುಂಟು" ಎಂದೆ. ತುಂಡುಗಳನ್ನು ನಾನೇ ಕಸಕ್ಕೆ ಹಾಕಿದೆ.

ಐದು ವಾರ ಕಳೆದು ಬಾಬಣ್ಣ ಒಬ್ಬರೇ ಬಂದರು. ಚಪ್ಪಲಿ ಬಿಡದೆ ಒಳಗೆ ಬಂದದ್ದು ನೋಡಿಯೇ ನನಗೆ ಏನೋ ಆಗಿದೆ ಎನಿಸಿತು.

"ಪೆಟ್ಟು ಉಂಟು ಅಕ್ಕ. ತಿರುಗುವ ಜಾಗ ಎಲ್ಲಿ?"

"ಎಂತ ತಿರುಗುವ ಜಾಗ?"

"ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಹೋಗುವುದು! ಹುಲಿಗಳಿಗೆ ಅದೇ ಅಲ್ವಾ ಸೂಚನೆ? ಐದು ಪೆಟ್ಟನ್ನು ಯಾರು ಬೇಕಾದರೂ ಹೊಡೆದಾರು. ತಿರುಗಿಸುವುದೇ ವಿದ್ಯೆ. ಮಗಳು ನೀವು ಕೊಟ್ಟದ್ದನ್ನೇ ನೋಡಿ ಕಲಿತು, ಒಂದು ಮುಗಿಸಿ ನಿಲ್ಲಿಸಿ ಇನ್ನೊಂದು ಹಿಡೀತಾಳೆ. ಹುಲಿಗಳೂ ನಿಲ್ತಾವೆ. ನಿನ್ನೆ ಅಭ್ಯಾಸದಲ್ಲಿ ಮುಡಿ ಎತ್ತುವವನು ಪೆಟ್ಟು ಬರುವ ಮೊದಲೇ ತಲೆ ಹಿಂದಕ್ಕೆ ಎಸೆದ. ಕುತ್ತಿಗೆ ಉಳಿದದ್ದು ದೇವರು ದೊಡ್ಡವನು ಅಂತ. ಆ ನಾಲ್ಕನೇ ತಿರುವು ಸರಿ ಬರದಿದ್ದರೆ ಈ ವರ್ಷ ಮುಡಿ ಇಲ್ಲ. ನಾನೇ ಬೇಡ ಅಂತೇನೆ."

ಕಸವೆಂದು ನಾನು ತೆಗೆದುಹಾಕಿದ್ದ ಆ ಕೆಲವು ಸೆಕೆಂಡುಗಳೇ ಅವರು ಕೇಳಿಕೊಂಡು ಬಂದದ್ದು.

ಟೇಪು ಇಲ್ಲ. ಕಂಪ್ಯೂಟರಿನಲ್ಲಿ? ಕೆಲಸ ಮುಗಿದು ತಿಂಗಳಾದ ಫೈಲುಗಳನ್ನು ಅಳಿಸುವುದು ಶೆಣೈ ಮಾಮ್ ಅವರ ನಿಯಮ. ಅವರು ತಲೆ ತಗ್ಗಿಸಿ, "ಮೊನ್ನೆಯಷ್ಟೇ ಡಿ ಡ್ರೈವು ಖಾಲಿ ಮಾಡಿದೆ ವಸಂತಿ. ಅದರ ಮೇಲೆ ಮದುವೆಯೊಂದನ್ನು ಇಳಿಸಿಯೂ ಆಯಿತು" ಎಂದರು. ಬಾಬಣ್ಣ ಸ್ಟೂಲಿನಲ್ಲಿ ಕೂತುಬಿಟ್ಟರು.

ಆಗ ನೆನಪಾಯಿತು! ನಮ್ಮ ಹಳೆಯ ಕಂಪ್ಯೂಟರು ಒಂದು ಗಂಟೆಯ ಟೇಪನ್ನು ಒಂದೇ ಫೈಲಾಗಿ ಇಳಿಸುತ್ತಿರಲಿಲ್ಲ. ನಾಲ್ಕು ಜಿಬಿ ಆದ ಕೂಡಲೇ ತುಂಡು ಮಾಡಿ ಮುಂದಿನ ಫೈಲು ಶುರುಮಾಡುತ್ತಿತ್ತು. ಆ ದಿನ ನಾನು ಇಳಿಸಲು ತೊಡಗಿದ್ದು ಇ ಡ್ರೈವಿಗೆ. ಅದು ತುಂಬಿದ ಮೇಲಷ್ಟೇ ಉಳಿದದ್ದು ಡಿ ಡ್ರೈವಿಗೆ ಹೋಗಿತ್ತು. ಇ ಡ್ರೈವನ್ನು ಯಾರೂ ಮುಟ್ಟಿರಲಿಲ್ಲ. ತೆರೆದು ನೋಡಿದರೆ ಎರಡು ಫೈಲುಗಳು ಕೂತಿವೆ! ನಾನು ಕಿರುಚಿದ್ದಕ್ಕೆ ಪಕ್ಕದ ಅಂಗಡಿಯವರು ಓಡಿ ಬಂದರು.

ಒಂದನೇ ತಿರುವು ಸಿಕ್ಕಿತು, ಎರಡನೆಯದು ಸಿಕ್ಕಿತು, ಮೂರನೆಯದೂ. ಬಾಬಣ್ಣ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದರು. ಪಲ್ಟಿಯ ಪೆಟ್ಟು ನಡೆಯುತ್ತಿರುವಾಗ ಫೈಲು ಮುಗಿಯಿತು. ಮುಡಿಗೆ ಹೋಗುವ ನಾಲ್ಕನೇ ತಿರುವು ಡಿ ಡ್ರೈವಿನಲ್ಲಿತ್ತು. ಅದು ಹೋದದ್ದು ಹೋಯಿತು.

ಅಳು ಬಂತು. ನಾನು ಅಳುವವಳಲ್ಲ, ಆದರೂ ಬಂತು. ಆಗಲೇ ಪರದೆಯಲ್ಲಿ ನಿಂತ ಚಿತ್ರವನ್ನು ನೋಡಿ ಕೇಳಿದೆ, "ಬಾಬಣ್ಣ, ಈ ದೊಡ್ಡ ಹುಲಿ ಯಾರು?"

"ದಾಮು. ಆ ವರ್ಷ ಮುಡಿ ಎತ್ತಿದ್ದು ಅವನೇ. ಈಗ ಇಲ್ಲೇ ರಿಕ್ಷಾ ಓಡಿಸ್ತಾನೆ."

"ನಿಮ್ಮ ಕೈ ಮರೆತಿರಬಹುದು. ಅವರ ಕಾಲು?"

ಬಾಬಣ್ಣ ಮೊಬೈಲು ತೆಗೆದರು.

ಮರುದಿನ ಭಾನುವಾರ ಬೆಳಿಗ್ಗೆ ದಾಮಣ್ಣ ಬಂದರು. ಅರುವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ, ಖಾಕಿ ಅಂಗಿ. ಹಿಂದಿನಿಂದ ತಾಸೆ ಹಿಡಿದು ಸುಜಾತ. ಫೋಟೋ ತೆಗೆಯುವ ಕೋಣೆಯ ಕುರ್ಚಿ, ಪರದೆ ಎಲ್ಲ ಸರಿಸಿ ಜಾಗ ಮಾಡಿದೆವು. ನಾನು ಕ್ಯಾಮೆರಾ ಇಟ್ಟೆ. ದಾಮಣ್ಣ ನಾಚಿಕೊಂಡರು. "ನನ್ನ ಮೊಣಕಾಲನ್ನು ಕೇಳಿ ಹೇಳ್ತೇನೆ" ಎಂದು ನಕ್ಕರು. ಸಿಕ್ಕಿದ ಮೂರು ತಿರುವುಗಳನ್ನು ನಾನು ಹಿಂದಿನ ಸಂಜೆಯೇ ಡಿವಿಡಿಗೆ ಬರೆದುಕೊಟ್ಟಿದ್ದೆ, ಸುಜಾತ ರಾತ್ರಿಯೇ ಕಲಿತು ಬಂದಿದ್ದಳು. ಮೊದಲಿನಿಂದ ಶುರುಮಾಡಿದಳು.

ಮೂರನೇ ಪೆಟ್ಟಿನ ಹೊತ್ತಿಗೆ ದಾಮಣ್ಣನ ನಾಚಿಕೆ ಹೋಗಿತ್ತು, ಬೆನ್ನು ಬಗ್ಗಿತ್ತು, ಖಾಕಿ ಅಂಗಿಯೊಳಗೆ ಹುಲಿ ಎದ್ದಿತ್ತು. ನಾಲ್ಕನೆಯದರ ಕೊನೆಗೆ ಸುಜಾತ ತನಗೆ ತೋಚಿದಂತೆ ತಿರುಗಿಸಿದಳು. ದಾಮಣ್ಣನ ಕಾಲು ತಡವರಿಸಿ ನಿಂತಿತು.

"ಅಲ್ಲ ಮಗಳೇ. ಯಾಕೆ ಅಲ್ಲ ಅಂತ ನನಗೆ ಗೊತ್ತಿಲ್ಲ, ಆದರೆ ಅಲ್ಲ."

ಬಾಬಣ್ಣ ನೆಲದ ಮೇಲೆ ಕೂತು ದಾಮಣ್ಣನ ಪಾದಗಳನ್ನೇ ನೋಡುತ್ತಾ, "ಅವನು ಎಡಗಾಲು ಎಳೀತಾನೆ ನೋಡು. ಅಲ್ಲಿ ಎರಡು ಹೊಡೆತ ಬಿಡು, ತುಂಬಬೇಡ" ಎಂದರು. ಮತ್ತೆ ಹೊಡೆದಳು. ಅಲ್ಲ. ಇನ್ನೊಮ್ಮೆ. ಅಲ್ಲ. ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಶೆಣೈ ಮಾಮ್ ನೀರು ಕೊಟ್ಟರು, ಫ್ಯಾನು ತಿರುಗಿಸಿದರು, ಕೊನೆಗೆ ತಾವೂ ನೆಲಕ್ಕೆ ಕೂತರು. ದಾಮಣ್ಣನ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಮತ್ತೊಮ್ಮೆ ಹೊಡೆಯುವಾಗ ಸುಜಾತ ಎರಡು ಬಿಟ್ಟು, ಕೋಲನ್ನು ಚರ್ಮದ ಅಂಚಿಗೆ ಜಾರಿಸಿ, ಸಣ್ಣ ಸದ್ದಿನಿಂದ ದೊಡ್ಡದಕ್ಕೆ ಏರಿಸುತ್ತಾ ಹೋದಳು. ದಾಮಣ್ಣನ ಎಡಗಾಲು ಎಳೆಯಿತು, ಬಲಗಾಲು ಊರಿತು, ಬಾಯಿ ತೆರೆಯಿತು. ಹಲ್ಲಲ್ಲಿ ಏನೂ ಇರಲಿಲ್ಲ. ಆದರೂ ಅವರ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಚಿಮ್ಮಿತು.

"ಇತ್ತೆ!" ಎಂದು ಬಾಬಣ್ಣ ತುಳುವಿನಲ್ಲಿ ಕೂಗಿದರು. ಈಗ, ಈಗ ಎಂದು.

ದಾಮಣ್ಣ ಗೋಡೆಗೆ ಒರಗಿ ಏದುಸಿರು ಬಿಡುತ್ತಾ ನಗುತ್ತಿದ್ದರು. ಬಾಬಣ್ಣ ಮಗಳ ಎರಡೂ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಓಡಿಹೋಗಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿದೆ. ಉರಿಯುತ್ತಿತ್ತು!

ಎರಡನೇ ಡಿವಿಡಿಯಲ್ಲಿ ಹುಲಿ ಮುಖಗಳಿಲ್ಲ, ಕಪ್ಪಾಗುವ ಪರದೆಯಿಲ್ಲ. ನಾಲ್ಕು ಚಾಪ್ಟರು, ನಾಲ್ಕು ತಿರುವು. ಗುರುತನ್ನು ತಿರುವಿನ ಮೇಲೆ ಇಡಲಿಲ್ಲ, ಹಳೆಯ ಪೆಟ್ಟು ಇನ್ನೂ ನಡೆಯುತ್ತಿರುವಾಗಲೇ ಹದಿನೈದು ಸೆಕೆಂಡು ಮೊದಲು ಇಟ್ಟೆ. ಕಲಿಯುವವರು ಬಟನ್ ಒತ್ತಿದರೆ ನಡೆಯುತ್ತಿರುವ ತಾಳದೊಳಕ್ಕೇ ಬೀಳಬೇಕು, ಅಲ್ಲಿಂದ ತಾವೇ ದಾಟಬೇಕು. ನಾಲ್ಕನೆಯದರಲ್ಲಿ ಖಾಕಿ ಅಂಗಿಯ ಹುಲಿ.

ಅಷ್ಟಮಿಯ ಮರುದಿನ ಮಧ್ಯಾಹ್ನ ರಸ್ತೆಬದಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಸುಜಾತ ನಾಲ್ಕನೇ ಪೆಟ್ಟಿನಲ್ಲಿದ್ದಳು. ಮುಡಿ ಎತ್ತುವ ಹುಲಿ ಬಗ್ಗಿ ಮುಡಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿತ್ತು. ನನಗೆ ಅದರ ಕುತ್ತಿಗೆಯ ಕಡೆ ನೋಡುವ ಧೈರ್ಯ ಬರಲಿಲ್ಲ, ಎದುರಿನ ಜನರತ್ತ ಕಣ್ಣು ತಿರುಗಿಸಿದೆ. ತಾಸೆ ಎರಡು ಬಿಟ್ಟಿತು, ಅಂಚಿಗೆ ಜಾರಿತು, ಏರಿತು. ಆ ಗುಂಪಿನಲ್ಲಿ, ಅಲ್ಲೊಬ್ಬರು ಇಲ್ಲೊಬ್ಬರು, ಹಿಂದೊಮ್ಮೆ ಮುಡಿ ಎತ್ತಿದವರೇ ಇರಬೇಕು, ನಾನು ಎಂದೂ ನೋಡಿರದ ನಾಲ್ಕೈದು ಮಂದಿ ಮುದುಕರ ತಲೆಗಳು ಒಟ್ಟಿಗೇ ಹಿಂದಕ್ಕೆ ಚಿಮ್ಮಿದವು. ಆಮೇಲೆ ಮುಡಿ ನೆಲಕ್ಕೆ ಬಿದ್ದ ಸದ್ದು ಕೇಳಿತು.